ಅತಿಥಿ ಆಡಿದ್ದು, ವಿದ್ಯಾರ್ಥಿ ಬರೆದದ್ದು
(ದತ್ತಿ ಉಪನ್ಯಾಸದ ಲಿಖಿತ ರೂಪ)



ನಗರ ಅಧ್ಯಯನ ಕಲಿಸುವವರು ವೇದಿಕೆ ಹತ್ತಿದರೆ ಮೆಟ್ರೋ, ಮಹಾಯೋಜನೆ, ಸಂಚಾರ ದಟ್ಟಣೆ ಇವುಗಳ ಮಾತು ಬರುತ್ತದೆ ಎಂದು ಸಭೆ ನಿರೀಕ್ಷಿಸುವುದು ಸಹಜ. ನಾನು ಈ ದಿನ ಮಾತಾಡಲು ಆರಿಸಿಕೊಂಡದ್ದು ಎರಡು ಪುಟದ ಒಂದು ಬರಹದ ಬಗ್ಗೆ. ನಮ್ಮ ತರಗತಿಗೆ ನಗರದಿಂದ ಒಬ್ಬರು ಅತಿಥಿ ಬರುತ್ತಾರೆ, ಒಂದು ಗಂಟೆ ಮಾತಾಡುತ್ತಾರೆ, ಪ್ರಶ್ನೆಗಳಿಗೆ ಉತ್ತರ ಹೇಳುತ್ತಾರೆ, ಹೊರಡುತ್ತಾರೆ. ಮುಂದಿನ ವಾರದೊಳಗೆ ವಿದ್ಯಾರ್ಥಿಗಳು ಆ ಮಾತಿಗೆ ತಮ್ಮ ಸ್ಪಂದನೆ ಬರೆದು ಕೊಡಬೇಕು. ಇಂಟರ್ನಲ್ ಅಂಕಗಳ ಪಟ್ಟಿಯಲ್ಲಿ ಅದಕ್ಕೆ ಸಿಗುವುದು ಸಣ್ಣ ಜಾಗ. ಹೆಚ್ಚಿನವರು ಅದನ್ನು ಕೊನೆಯ ರಾತ್ರಿ ಬರೆಯುತ್ತಾರೆ, ಹೆಚ್ಚಿನ ಅಧ್ಯಾಪಕರು ಅದರ ಮೇಲೆ ಕಣ್ಣಾಡಿಸಿ ಸಹಿ ಹಾಕುತ್ತಾರೆ. ಆದರೆ ನಗರವನ್ನು ನಡೆಸುವವರ ತಿಳಿವಳಿಕೆ ವಿಶ್ವವಿದ್ಯಾಲಯದ ಒಳಗೆ ಬರುತ್ತದೋ, ಬಾಗಿಲಲ್ಲೇ ಬಿದ್ದುಹೋಗುತ್ತದೋ ಎಂಬುದು ಆ ಎರಡು ಪುಟದಲ್ಲೇ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ.

ಅತಿಥಿಯನ್ನು ಕರೆಯುವುದೇಕೆ ಎಂಬಲ್ಲಿಂದ ಶುರುಮಾಡುತ್ತೇನೆ. ಬೆಂಗಳೂರಿನ ನೀರಿನ ಕಥೆಯನ್ನು ನಾನು ಪುಸ್ತಕ ನೋಡಿಕೊಂಡೇ ಪಾಠ ಮಾಡಬಲ್ಲೆ. ದಿಣ್ಣೆಯ ಮೇಲಿನ ಊರು, ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ಮಳೆನೀರು ಹರಿದುಹೋಗುತ್ತದೆ. ಅದಕ್ಕೇ ಕೆರೆ ಕಟ್ಟಿದರು. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಜಲಮಂಡಳಿ ಹುಟ್ಟಿದ್ದು 1964ರಲ್ಲಿ, ಕಾವೇರಿ ಮೊದಲ ಹಂತದ ನೀರು ತಲುಪಿದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಆ ನೀರನ್ನು ಮೂರು ಹಂತಗಳಲ್ಲಿ ಮೇಲೆತ್ತಿ ತರುತ್ತಾರೆ. ಇಷ್ಟೂ ಪುಸ್ತಕದಲ್ಲಿದೆ. ನಿಮ್ಮ ಮನೆಯ ಅಡ್ಡರಸ್ತೆಗೆ ಮಂಗಳವಾರ ರಾತ್ರಿ ನೀರು ಬಂದು ಹಿಂದಿನ ಅಡ್ಡರಸ್ತೆಗೆ ಯಾಕೆ ಬರುವುದಿಲ್ಲ ಎನ್ನುವುದು ಮಾತ್ರ ಪುಸ್ತಕದಲ್ಲಿಲ್ಲ. ಅದನ್ನು ಬಲ್ಲವರು ವಾಲ್ವ್‌ಮ್ಯಾನ್.

ನಮ್ಮ ತರಗತಿಗೆ ಅಂಥ ಒಬ್ಬರು ಬಂದಿದ್ದರು. ಉದ್ದನೆಯ ಕಬ್ಬಿಣದ ಕೀಲಿಯನ್ನು ರಸ್ತೆ ನಡುವಿನ ಗುಂಡಿಯೊಳಗೆ ಇಳಿಸಿ, ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಏರಿನ ಮನೆಗಳಿಗೂ ನೀರು ಹತ್ತುತ್ತದೆ ಎಂದು ಕೈಯಲ್ಲೇ ತೋರಿಸಿ ಹೇಳಿದರು. ತಗ್ಗಿನ ಮನೆಯವರು ಕೊಳವೆಗೇ ಮೋಟಾರು ಕೂರಿಸಿ ಎಳೆದುಕೊಂಡರೆ ಏರಿನವರ ನಲ್ಲಿ ಬರೀ ಗಾಳಿ ಬಿಡುತ್ತದೆ ಎಂದರು. ವಿದ್ಯುತ್ ಹೋದ ರಾತ್ರಿ ಸರದಿ ತಪ್ಪುತ್ತದೆ, ಆಗ ಬೈಗುಳ ತಿನ್ನುವುದು ತಾನು, ಮಂಡಳಿಯ ಕಚೇರಿಯಲ್ಲ ಎಂದರು. ಮೂರು ಬೀದಿಗಳ ಹೆಂಗಸರ ದೂರವಾಣಿ ಸಂಖ್ಯೆ ಅವರ ಬಳಿ ಇದೆ. ನೀರು ಬಿಡುವ ಮುಂಚೆ ಒಬ್ಬರಿಗೆ ಕರೆ ಮಾಡಿದರೆ ಬೀದಿಯೆಲ್ಲ ಎಚ್ಚರಾಗುತ್ತದೆ.

ಆಮೇಲೆ ಬಂದ ಬರಹಗಳನ್ನು ಓದಿದೆ. ‘ಉಪನ್ಯಾಸವು ಅತ್ಯಂತ ಮಾಹಿತಿಪೂರ್ಣವಾಗಿತ್ತು’, ‘ನಮ್ಮ ಕಣ್ಣು ತೆರೆಸಿತು’, ‘ನಗರದಲ್ಲಿ ನೀರಿನ ಅಸಮಾನ ಹಂಚಿಕೆಯ ಸಮಸ್ಯೆ ಗಂಭೀರವಾಗಿದೆ’. ಬಹುಪಾಲು ಪುಟಗಳು ಹೀಗೇ ಇದ್ದವು. ಕೀಲಿ ಇಲ್ಲ, ಸುತ್ತು ಇಲ್ಲ, ಏರು-ತಗ್ಗು ಇಲ್ಲ, ಫೋನು ಮಾಡುವ ಹೆಂಗಸರಿಲ್ಲ. ಅವರು ತಂದಿದ್ದ ತಿಳಿವಳಿಕೆಯನ್ನು ತೆಗೆದಿಟ್ಟು, ನಮ್ಮ ಬಳಿ ಮೊದಲೇ ಇದ್ದ ಮಾತುಗಳನ್ನು ಅವರ ಹೆಸರಿಗೆ ಬರೆದಿದ್ದರು. ಒಬ್ಬ ವಿದ್ಯಾರ್ಥಿನಿಯ ಬರಹ ಬೇರೆಯಾಗಿತ್ತು. ತಾನಿರುವ ಪಿಜಿಯ ಸಂಪು ಯಾವಾಗ ತುಂಬುತ್ತದೆ ಎಂದು ಅವಳು ಅಂದಿನವರೆಗೆ ಯೋಚಿಸಿಯೇ ಇರಲಿಲ್ಲವಂತೆ. ಕಾವಲುಗಾರನನ್ನು ಕೇಳಿದ್ದಾಳೆ, ನೀರು ಬರುವ ರಾತ್ರಿ ಎದ್ದು ಕೂತಿದ್ದಾಳೆ, ಅದೇ ಹೊತ್ತಿಗೆ ಹಿಂದಿನ ಬೀದಿಯ ಮನೆಯೊಂದರಲ್ಲಿ ನಲ್ಲಿ ಬರುತ್ತಿದೆಯೇ ಎಂದು ಮರುದಿನ ಹೋಗಿ ವಿಚಾರಿಸಿದ್ದಾಳೆ. ನಮ್ಮ ಸಂಪು ತುಂಬುವಾಗ ಯಾರ ನಲ್ಲಿ ಒಣಗುತ್ತದೆ ಎಂಬ ಪ್ರಶ್ನೆಯಲ್ಲಿ ಬರಹ ನಿಂತಿತ್ತು. ಭಾಷೆ ಅಷ್ಟು ಚೊಕ್ಕವಾಗಿರಲಿಲ್ಲ. ಆದರೂ ಸ್ಪಂದನೆ ಎನ್ನಬಹುದಾದದ್ದು ಅದು. ಅತಿಥಿಯ ಮಾತು ಅವಳೊಳಗೆ ಇಳಿದು, ಅವಳನ್ನು ಎಬ್ಬಿಸಿ, ಹೊರಗೆ ಕಳಿಸಿತ್ತು.

ಹೊಗಳಿಕೆಯ ಬಗ್ಗೆ ಇನ್ನಷ್ಟು ಹೇಳಬೇಕು. ನಮ್ಮ ವಿದ್ಯಾರ್ಥಿಗಳು ಸಂಸ್ಕಾರವಂತರು. ಅತಿಥಿಯ ಬಗ್ಗೆ ಬರೆಯುವಾಗ ಒಳ್ಳೆಯ ಮಾತೇ ಬರೆಯಬೇಕು ಎಂದುಕೊಂಡಿರುತ್ತಾರೆ. ಆ ಒಳ್ಳೆಯತನ ಕೆಲವೊಮ್ಮೆ ಅನ್ಯಾಯ ಮಾಡುತ್ತದೆ. ಪೌರಕಾರ್ಮಿಕ ಮಹಿಳೆಯೊಬ್ಬರು ಬಂದ ದಿನ ಅವರು ಮಾತಾಡಿದ್ದು ಹಾಜರಾತಿಯ ಬಗ್ಗೆ, ಪಿಎಫ್ ಬಗ್ಗೆ, ಇಎಸ್‌ಐ ಕಾರ್ಡಿನ ಬಗ್ಗೆ, ಬೆಳಗಿನ ಜಾವ ಬೀದಿಗಿಳಿದ ಮೇಲೆ ಮಧ್ಯಾಹ್ನದವರೆಗೆ ಶೌಚಕ್ಕೆ ಹೋಗಲು ಜಾಗವಿಲ್ಲದ್ದರ ಬಗ್ಗೆ. ಬರಹಗಳಲ್ಲಿ ಕಂಡದ್ದು ‘ಅವರ ತ್ಯಾಗಕ್ಕೆ ನನ್ನ ನಮನ’. ಅವರು ತ್ಯಾಗದ ಮಾತೇ ಎತ್ತಿರಲಿಲ್ಲ. ಅವರು ಕೇಳಿದ್ದು ಶೌಚಾಲಯ. ಕೆಲಸಗಾರರನ್ನು ತ್ಯಾಗಿ ಎಂದು ಕರೆದುಬಿಟ್ಟರೆ ಸಂಬಳದ ಪ್ರಶ್ನೆ, ಶೌಚಾಲಯದ ಪ್ರಶ್ನೆ ಎರಡೂ ಮಾಯವಾಗುತ್ತವೆ. ಆ ಬರಹಗಳನ್ನು ನಾನು ಹಿಂದಿರುಗಿಸಿದೆ, ತ್ಯಾಗ, ಸೇವೆ, ನಿಸ್ವಾರ್ಥ ಇವು ಯಾವುವೂ ಇಲ್ಲದೆ ಮತ್ತೊಮ್ಮೆ ಬರೆಯಿರಿ ಎಂದೆ.

ಎರಡನೆಯ ಸಲ ಬಂದ ಬರಹಗಳಿಗೆ ಇತಿಹಾಸ ಬೇಕಾಯಿತು. ಪೌರಕಾರ್ಮಿಕರ ಸ್ಥಿತಿಗತಿ ಕುರಿತ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿಯನ್ನು ಕೆಲವರು ಹುಡುಕಿದರು. 1976ರಷ್ಟು ಹಿಂದೆಯೇ ಆ ವರದಿ ಇಂತಿಷ್ಟು ಜನಸಂಖ್ಯೆಗೆ ಇಂತಿಷ್ಟು ಕಾರ್ಮಿಕರು ಇರಬೇಕು ಎಂಬ ಲೆಕ್ಕ ಹಾಕಿತ್ತು. ತ್ಯಾಜ್ಯವನ್ನು ಮೂಲದಲ್ಲೇ ವಿಂಗಡಿಸಬೇಕೆಂದು 2012ರಲ್ಲಿ ಹೈಕೋರ್ಟ್ ಆದೇಶಿಸಿತು. 2014ರಲ್ಲಿ ಮಂಡೂರಿನ ಜನ ನಗರದ ಕಸದ ಲಾರಿಗಳನ್ನು ಬಿಡುವುದಿಲ್ಲವೆಂದು ಬೀದಿಗಿಳಿದರು. ಗುತ್ತಿಗೆದಾರನ ಕೈ ತಪ್ಪಿಸಿ ನೇರ ವೇತನ ಕೊಡುವ ಪದ್ಧತಿ 2017-18ರ ಹೊತ್ತಿಗೆ ಬಂತು. 2022ರ ಜುಲೈ ತಿಂಗಳಲ್ಲಿ ಪೌರಕಾರ್ಮಿಕರು ಫ್ರೀಡಂ ಪಾರ್ಕಿನಲ್ಲಿ ಕೂತು ಕೆಲಸ ಕಾಯಂ ಮಾಡುವ ಭರವಸೆ ಪಡೆದುಕೊಂಡರು. ಅತಿಥಿ ಒಂದು ವಾಕ್ಯದಲ್ಲಿ ಹೇಳಿ ದಾಟಿದ್ದರ ಹಿಂದೆ ಇಷ್ಟು ವರ್ಷಗಳ ಹೋರಾಟವಿತ್ತು. ಅದನ್ನು ಕಂಡ ಮೇಲೆ ವಿದ್ಯಾರ್ಥಿಗಳ ವಾಕ್ಯಗಳಿಗೆ ತೂಕ ಬಂತು. ಒಬ್ಬ ಹುಡುಗ ತನ್ನ ಬಡಾವಣೆಯಲ್ಲಿ ಪೌರಕಾರ್ಮಿಕರು ಬಳಸಬಹುದಾದ ಶೌಚಾಲಯಗಳನ್ನು ನಡೆದೇ ಹುಡುಕಿದ. ತೆರೆದಿದ್ದದ್ದು ಒಂದು ಪೆಟ್ರೋಲ್ ಬಂಕಿನದು ಮಾತ್ರ. ಆ ಅಲೆದಾಟದ ವಿವರವೇ ಅವನ ಎರಡು ಪುಟ.

ಹೀಗೆ ನಡೆದು ನೋಡಿ ತಿಳಿಯುವುದು ಹೊಸ ವಿಚಾರವೇನಲ್ಲ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ 1914ರಿಂದ ಭಾರತದ ನಗರಗಳನ್ನು ಸುತ್ತಿದರು. ಯೋಜನೆಗಿಂತ ಮೊದಲು ಸಮೀಕ್ಷೆ, ಸಮೀಕ್ಷೆ ಎಂದರೆ ಕಾಲ್ನಡಿಗೆ ಎಂಬುದು ಅವರ ಪದ್ಧತಿ. ಪ್ಲೇಗಿನಿಂದ ನಲುಗಿದ್ದ ಇಂದೋರಿನಲ್ಲಿ ಅವರು ದೀಪಾವಳಿಗೆ ಏರ್ಪಡಿಸಿದ ಮೆರವಣಿಗೆಯಲ್ಲಿ ಬೀದಿ ಗುಡಿಸುವವರು ಹೊಸ ಬಿಳಿ ಬಟ್ಟೆ ತೊಟ್ಟು ಗೌರವದಿಂದ ನಡೆದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭಿಸಿದವರೂ ಅವರೇ. ಅಲ್ಲಿ ಅವರ ಬಳಿಗೆ ಬಂದವರು ಜಿ.ಎಸ್. ಘುರ್ಯೆ, ಘುರ್ಯೆಯವರ ಶಿಷ್ಯರಾದವರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್.

ಶ್ರೀನಿವಾಸರ ಹೆಸರೆತ್ತಿದ್ದಕ್ಕೆ ಕಾರಣವಿದೆ. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಬರಹದಲ್ಲಿ ಆ ಹಳ್ಳಿಯನ್ನು ರಾಂಪುರ ಎಂದು ಕರೆದರು. ವರ್ಷಗಟ್ಟಲೆ ಕೂತು ಟಿಪ್ಪಣಿಗಳನ್ನು ಸಂಸ್ಕರಿಸಿದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಗೆ ಆ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪಿನಿಂದ ಬರೆದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟವಾಯಿತು. ಹಳ್ಳಿಯ ಜನ ಅಲ್ಲಿ ಮುಖ, ದನಿ, ಸ್ವಭಾವಗಳೊಂದಿಗೆ ಎದ್ದು ಬರುತ್ತಾರೆ.

ಈ ಕಥೆ ಕೇಳಿದ ವಿದ್ಯಾರ್ಥಿಗಳು ನೆನಪೇ ಸಾಕು, ಟಿಪ್ಪಣಿ ಬೇಡ ಎಂದುಕೊಳ್ಳುವುದುಂಟು. ಶ್ರೀನಿವಾಸರ ನೆನಪಿನ ಹಿಂದೆ ಹಳ್ಳಿಯ ವಾಸವಿತ್ತು, ಎರಡು ದಶಕಗಳ ಟಿಪ್ಪಣಿಯ ಒಡನಾಟವಿತ್ತು. ಒಂದು ಗಂಟೆ ಕೇಳಿದವರಿಗೆ ಆ ಹಕ್ಕಿಲ್ಲ. ಆದರೂ ನೆನಪಿನಿಂದ ಒಂದು ಉಪಾಯ ಕಲಿಯಬಹುದು. ಅತಿಥಿ ಬಂದ ದಿನ ರಾತ್ರಿ ನೋಟ್‌ಬುಕ್ ಮುಚ್ಚಿಟ್ಟು ಒಂದು ಪುಟ ಬರೆಯಿರಿ ಎನ್ನುತ್ತೇನೆ. ಮರುದಿನ ನೋಟ್‌ಬುಕ್ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬರೆದುಕೊಂಡಿದ್ದರೂ ಮರೆತದ್ದೇನು? ಅವರು ಹೇಳದಿದ್ದರೂ ಹೇಳಿದರೆಂದು ನಿಮಗೆ ನೆನಪಾದದ್ದೇನು? ವಾಲ್ವ್‌ಮ್ಯಾನ್ ಬಂದುಹೋದ ರಾತ್ರಿ ಹಲವರ ಪುಟದಲ್ಲಿ ಅವರು ಲಂಚದ ಬಗ್ಗೆ ಮಾತಾಡಿದರೆಂದು ಇತ್ತು. ಯಾರ ನೋಟ್‌ಬುಕ್ಕಿನಲ್ಲೂ ಅದು ಇರಲಿಲ್ಲ. ಅವರು ಆ ಮಾತನ್ನು ಆಡಿರಲೇ ಇಲ್ಲ. ನೀರು ಬಿಡುವವನೆಂದರೆ ಲಂಚ ತಿನ್ನುವವನು ಎಂಬ ಹಳೆಯ ಅನಿಸಿಕೆ ತರಗತಿಯ ಕಿವಿಯಲ್ಲಿ ಮೊದಲೇ ಕೂತಿತ್ತು. ಅದನ್ನು ಕಂಡುಕೊಂಡವರು ಅದರ ಬಗ್ಗೆಯೇ ಬರೆದರು. ಅವು ಆ ವರ್ಷದ ಅತ್ಯಂತ ಪ್ರಾಮಾಣಿಕ ಬರಹಗಳು.

ಅಧಿಕಾರಿಗಳು, ಎಂಜಿನಿಯರುಗಳು ಬಂದಾಗ ತೊಂದರೆಯ ಬಗೆ ಬೇರೆ. ಅವರು ಸ್ಲೈಡುಗಳೊಂದಿಗೆ, ಅಂಕಿಗಳೊಂದಿಗೆ ಬರುತ್ತಾರೆ. ಅರ್ಧ ತರಗತಿ ಎಲ್ಲವನ್ನೂ ನಂಬುತ್ತದೆ, ಉಳಿದರ್ಧ ಏನನ್ನೂ ನಂಬುವುದಿಲ್ಲ, ಎರಡೂ ಕಡೆಯವರು ಕೇಳಿಸಿಕೊಂಡಿರುವುದಿಲ್ಲ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಎಂಜಿನಿಯರ್ ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ, ಆ ಹೆಮ್ಮೆಗೆ ಕಾರಣವೂ ಇದೆ. ವಿದ್ಯಾರ್ಥಿ ಆ ಅಂಕಿಯನ್ನು ಬರೆದುಕೊಂಡು, ನಡುವಿನ 17 ವರ್ಷ ಆ ಹಳ್ಳಿಗಳ ಮನೆಗಳಲ್ಲಿ ಕುಡಿಯಲು, ಬಟ್ಟೆ ಒಗೆಯಲು ನೀರು ಎಲ್ಲಿಂದ ಬಂತು ಎಂದು ಕೇಳಬೇಕು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ಆ ಬಳಿಕ ಬೀದಿಯವರ ಪ್ರಶ್ನೆಗೆಲ್ಲ ಉತ್ತರ ಕೊಡಬೇಕಾದವರು ಅಧಿಕಾರಿಗಳೇ. ಹಾಗಾಗಿ ತರಗತಿಗೆ ಬಂದ ಅಧಿಕಾರಿಯನ್ನು ಗಟ್ಟಿಯಾದ ಪ್ರಶ್ನೆ ಕೇಳುವುದು ಅಗೌರವವಲ್ಲ. ಮನೆಗೆ ಬಂದವರಿಗೆ ಎದುರಾಡಬಾರದು ಎಂದು ಬೆಳೆದ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ: ನಿಮ್ಮ ಭಿನ್ನಾಭಿಪ್ರಾಯವನ್ನು ಆಧಾರ ಕೊಟ್ಟು, ಅವರ ಮಾತನ್ನು ತಿರುಚದೆ ಬರೆಯಿರಿ. ಅವರ ಮಾತನ್ನು ಪರೀಕ್ಷಿಸಿ ನೋಡುವಷ್ಟು ಗಂಭೀರವಾಗಿ ತೆಗೆದುಕೊಂಡಿದ್ದೀರಿ ಎಂಬುದೇ ಗೌರವ.

ವಾಕ್ಯ ಕಟ್ಟುವ ರೀತಿಗೂ ಇದರಲ್ಲಿ ಪಾತ್ರವಿದೆ. ಕೆರೆಗಳ ಬಗ್ಗೆ ಅತಿಥಿ ಬಂದುಹೋದ ಮೇಲೆ ‘ನಗರೀಕರಣದಿಂದ ಕೆರೆಗಳು ನಾಶವಾದವು’ ಎಂಬ ವಾಕ್ಯ ತಪ್ಪದೆ ಬರುತ್ತದೆ. ಆ ವಾಕ್ಯದಲ್ಲಿ ಮನುಷ್ಯರಿಲ್ಲ. ಒತ್ತುವರಿಯಾಯಿತು, ಮುಚ್ಚಿಹೋಯಿತು, ಕಣ್ಮರೆಯಾಯಿತು, ಮಾಡಿದವರು ಯಾರು? ತಿಗಳರ ಸಮುದಾಯದ ಹಿರಿಯರೊಬ್ಬರು ಸಂಪಂಗಿ ಕೆರೆಯ ಸುತ್ತಲಿನ ಹೂವು-ಸೊಪ್ಪಿನ ತೋಟಗಳ ಬಗ್ಗೆ ತಮ್ಮ ಮನೆಯಲ್ಲಿ ಕೇಳಿದ್ದನ್ನು ಹೇಳಿದಾಗ, ಪ್ರತಿ ತೋಟಕ್ಕೂ ಒಂದು ಕುಟುಂಬದ ಗುರುತಿತ್ತು. ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೆ ನಗರದ ಬೇರೆಯವರಿಗೆ ಕೆರೆ ಬೇಡವಾಯಿತು, ತೋಟದವರಿಗೆ ಬೇಕಾಗಿತ್ತು; ಕೆರೆಯ ಅಂಗಳದಲ್ಲಿ ಕೊನೆಗೆ ಎದ್ದದ್ದು ಕಂಠೀರವ ಕ್ರೀಡಾಂಗಣ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಯಾರಿಗೆ ಬೇಡವಾಯಿತು, ಯಾರು ಆದೇಶ ಕೊಟ್ಟರು, ಆ ಜಾಗ ಯಾರ ಪಾಲಾಯಿತು ಎಂದು ಕೇಳಿಕೊಂಡು ಬರೆದರೆ ವಾಕ್ಯ ತಾನಾಗಿ ನೆಟ್ಟಗಾಗುತ್ತದೆ. ಕ್ರೀಡಾಂಗಣದ ಪಕ್ಕ ಉಳಿದಿರುವ ಸಣ್ಣ ನೀರಿನ ತಾವಿಗೆ ಇಂದಿಗೂ ಕರಗದ ಆಚರಣೆ ಬರುತ್ತದೆ. ಅದನ್ನು ನೋಡಿಬಂದ ವಿದ್ಯಾರ್ಥಿಗಳು ‘ಕೆರೆ ಕಣ್ಮರೆಯಾಯಿತು’ ಎಂದು ಮತ್ತೆ ಬರೆಯಲಿಲ್ಲ.

ಇನ್ನು ಭಾಷೆ. ಅತಿಥಿಗಳು ಆಡುವುದು ಬೀದಿಯ ಕನ್ನಡ, ಅದರಲ್ಲಿ ತಮಿಳು, ತೆಲುಗು, ದಖನಿ ಎಲ್ಲ ಬೆರೆತಿರುತ್ತದೆ. ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ಬರೆಯಬಹುದು ಎಂದು ಹೇಳಿದ ಸೆಮಿಸ್ಟರಿನಲ್ಲಿ, ಅದುವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ಮನಿದ್ದ ಕೆಲವರು ಮುಂದೆ ಬಂದರು. ಚಿಕ್ಕಬಳ್ಳಾಪುರ, ರಾಮನಗರ ಕಡೆಯಿಂದ ದಿನವೂ ರೈಲು, ಬಸ್ಸು ಹಿಡಿದು ಬರುವ ಮಕ್ಕಳು ಅವರು. ಅತಿಥಿಯ ಮಾತಿನ ಲಯ ಅವರ ಪುಟದಲ್ಲಿ ಉಳಿದಿತ್ತು. ಬರಹವನ್ನು ಅತಿಥಿಗೆ ಓದಿ ಹೇಳಲು ಸಾಧ್ಯವಾದದ್ದೂ ಅದರಿಂದಲೇ.

ಓದಿ ಹೇಳುವುದು ನಮ್ಮ ಕೋರ್ಸಿನಲ್ಲಿ ಈಗ ರೂಢಿಯಾಗಿದೆ. ಸೆಮಿಸ್ಟರ್ ಮುಗಿಯುವ ಮುಂಚೆ ಆಯ್ದ ಕೆಲವು ಬರಹಗಳನ್ನು ಅತಿಥಿಗಳ ಮುಂದೆ ಓದುತ್ತೇವೆ, ಬರಲಾಗದವರಿಗೆ ದನಿಮುದ್ರಿಸಿ ಫೋನಿಗೆ ಕಳಿಸುತ್ತೇವೆ. ಬೀದಿ ವ್ಯಾಪಾರಿಯೊಬ್ಬರು ತಮ್ಮ ಬಗ್ಗೆ ಬರೆದದ್ದನ್ನು ಪೂರ್ತಿ ಕೇಳಿ ಎರಡು ತಿದ್ದುಪಡಿ ಹೇಳಿದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ವಿದ್ಯಾರ್ಥಿ ಅದನ್ನು ಸರ್ಕಾರದ ಕೊಡುಗೆ ಎಂದು ಬರೆದಿದ್ದ. ನಾವು ಕೇಳಿ ಪಡೆದದ್ದು ಎಂದು ಬರೆಯಪ್ಪ ಎಂದರು. ಇನ್ನೊಂದು ತಿದ್ದುಪಡಿ ನಮ್ಮೆಲ್ಲರನ್ನೂ ಎಚ್ಚರಿಸಿತು. ಅವರು ಗಾಡಿ ನಿಲ್ಲಿಸುವ ಮೂಲೆ, ಹೊತ್ತು, ಅಲ್ಲಿಗೆ ಬರುವ ಪೊಲೀಸ್ ಪೇದೆಯ ಗುರುತು ಎಲ್ಲವನ್ನೂ ಹುಡುಗ ಶ್ರದ್ಧೆಯಿಂದ ದಾಖಲಿಸಿದ್ದ. ಇದು ಹೊರಗೆ ಹೋದರೆ ನಾಳೆ ನನ್ನ ಗಾಡಿ ಅಲ್ಲಿರುವುದಿಲ್ಲ ಎಂದರು ಅವರು. ಸಂಶೋಧಕರು ದೊಡ್ಡ ಅಧ್ಯಯನಕ್ಕೆ ಹೊರಡುವಾಗ ನೀತಿ ಸಮಿತಿಯ ಒಪ್ಪಿಗೆ ಕೇಳುತ್ತೇವೆ, ಎರಡು ಪುಟದ ಬರಹಕ್ಕೆ ಅಂಥ ಯೋಚನೆಯನ್ನೇ ಮಾಡುವುದಿಲ್ಲ. ಈಗ ಪ್ರತಿ ಬರಹದಲ್ಲೂ ಹೆಸರು, ಮೂಲೆ, ಹೊತ್ತು ಇವನ್ನು ತೆಗೆಯುವ ಕೆಲಸ ತರಗತಿಯಲ್ಲೇ ನಡೆಯುತ್ತದೆ. ಯಾವ ವಿವರ ತಿಳಿವಳಿಕೆಗೆ ಬೇಕು, ಯಾವುದು ಆ ವ್ಯಕ್ತಿಗೆ ಅಪಾಯ ಎಂದು ಚರ್ಚಿಸುವ ಆ ಅರ್ಧ ಗಂಟೆ ನನ್ನ ಎಷ್ಟೋ ಪಾಠಗಳಿಗಿಂತ ಹೆಚ್ಚು ಕಲಿಸುತ್ತದೆ.

ಅಂಕ ಕೊಡುವುದು ಹೇಗೆ ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ಭಾವುಕತೆಗೆ ನಾನು ಅಂಕ ಕೊಡುವುದಿಲ್ಲ. ಕೊಟ್ಟರೆ ಮುಂದಿನ ಸಲ ಎಲ್ಲರೂ ಕಣ್ಣೀರು ಬರೆಯುತ್ತಾರೆ. ಅತಿಥಿ ಆಡಿದ ಮಾತು ಸರಿಯಾಗಿ ಬಂದಿದೆಯೇ, ಅದರಲ್ಲಿ ಒಂದನ್ನಾದರೂ ಹಿಡಿದು ವಿದ್ಯಾರ್ಥಿ ಎಲ್ಲಿಗಾದರೂ ಹೋಗಿ ಬಂದಿದ್ದಾರೆಯೇ ಎಂದು ನೋಡುತ್ತೇನೆ. ಯಂತ್ರದಿಂದ ಬರೆಸಿ ತರುವ ಈ ಕಾಲದಲ್ಲಿ ಇದೇ ನಮಗಿರುವ ಆಸರೆ. ಯಂತ್ರ ನಗರದ ನೀರಿನ ಬಗ್ಗೆ ಅಚ್ಚುಕಟ್ಟಾದ ಎರಡು ಪುಟ ಕೊಡುತ್ತದೆ. ಅತಿಥಿ ಬಂದ ದಿನ ನಮ್ಮ ಕೊಠಡಿಯಲ್ಲಿ ಯಾರು ಯಾವ ಪ್ರಶ್ನೆ ಕೇಳಿದರು, ಅತಿಥಿ ಯಾವುದಕ್ಕೆ ಉತ್ತರ ಕೊಡಲು ಹಿಂಜರಿದರು ಎಂಬುದು ಅಲ್ಲಿ ಕೂತವರಿಗೆ ಮಾತ್ರ ಗೊತ್ತು.

ಇಲ್ಲಿರುವ ಕಾಲೇಜು ಆಡಳಿತದವರಲ್ಲಿ, ಗ್ರಂಥಪಾಲಕರಲ್ಲಿ ನನ್ನದು ಎರಡು ಬೇಡಿಕೆ. ಅತಿಥಿ ಉಪನ್ಯಾಸದ ಗೌರವಧನದ ನಮೂನೆಯಲ್ಲಿ ವಿದ್ಯಾರ್ಹತೆ ಎಂಬ ಅಂಕಣವಿರುತ್ತದೆ. ಅದು ಖಾಲಿ ಉಳಿದರೆ ಬಿಲ್ಲು ಹಿಂದಕ್ಕೆ ಬರುತ್ತದೆ. ಅರ್ಧ ದಿನದ ದುಡಿಮೆ ಬಿಟ್ಟು ಬಂದ ಪೌರಕಾರ್ಮಿಕರಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ಸರಿಯಲ್ಲ. ಆ ಅಂಕಣದಲ್ಲಿ ‘ಕೆಲಸದ ಅನುಭವ’ ಎಂದೂ ಸೇರಿಸಿ, ಎಂಜಿನಿಯರಿಗೆ ಕೊಡುವಷ್ಟೇ ಹಣವನ್ನು ಅವರಿಗೂ ಕೊಡಿ.

ಎರಡನೆಯದು, ಈ ಬರಹಗಳನ್ನು ರದ್ದಿಗೆ ಹಾಕಬೇಡಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಆ ದಿನಗಳಲ್ಲಿ ಟ್ಯಾಂಕರ್ ಚಾಲಕರೊಬ್ಬರು ತರಗತಿಗೆ ಬಂದು, ಎಲ್ಲಿ ತುಂಬಿಸುತ್ತಾರೆ, ಎಷ್ಟು ಹೊತ್ತು ಸರದಿ ನಿಲ್ಲುತ್ತಾರೆ, ಯಾವ ಅಪಾರ್ಟ್‌ಮೆಂಟಿನವರು ಮುಂಗಡ ಕೊಟ್ಟು ಸರದಿ ತಪ್ಪಿಸುತ್ತಾರೆ ಎಂದು ಹೇಳಿದ್ದರು. ವಿದ್ಯಾರ್ಥಿಗಳು ಅದನ್ನು ಬರೆದಿದ್ದಾರೆ, ತಮ್ಮ ಬೀದಿಯಲ್ಲಿ ಕಂಡದ್ದನ್ನೂ ಸೇರಿಸಿದ್ದಾರೆ. ಸರ್ಕಾರದ ಕಡತದಲ್ಲಿ ದರ ಸಿಗುತ್ತದೆ. ಆ ದರಕ್ಕೆ ನೀರು ಸಿಕ್ಕಿತೇ ಎಂಬುದು ಈ ಪುಟಗಳಲ್ಲಿದೆ. ಅತಿಥಿಯ ಒಪ್ಪಿಗೆ ಪಡೆದು, ಗುರುತು ಅಳಿಸಿ, ವರ್ಷ ಮತ್ತು ಬಡಾವಣೆಯ ಪ್ರಕಾರ ಜೋಡಿಸಿ, ಗ್ರಂಥಾಲಯದ ಒಂದು ಕಪಾಟಿನಲ್ಲಿ ಇವನ್ನು ಇಡಬೇಕು. ಮುಂದಿನ ತಂಡದವರು ಹೊಸ ಅತಿಥಿಯನ್ನು ಕಾಣುವ ಮುಂಚೆ ಅಲ್ಲಿ ಕೂತು ಹಳೆಯವನ್ನು ಓದಲಿ. ಒಪ್ಪಿಗೆ ಪತ್ರದ ಕರಡನ್ನು ನಾನು ತಂದಿದ್ದೇನೆ. ಸಭೆ ಮುಗಿದ ಮೇಲೆ ಆಸಕ್ತರು ಪಡೆದುಕೊಳ್ಳಬಹುದು, ಓದಿ ತಿದ್ದಿಕೊಟ್ಟರೆ ಉಪಕಾರ.